ದೆಜಿಮಾ ದ್ವೀಪದ ಹಳೆಯ ನಕ್ಷೆಗಳನ್ನೂ ನೋಟಚಿತ್ರಗಳನ್ನೂ ಓದುವ ಕ್ರಮ

ದೆಜಿಮಾ ಎಂಬುದು ಜಪಾನಿನ ನಾಗಾಸಾಕಿ ಬಂದರಿನಲ್ಲಿ ಕಟ್ಟಿದ, ಬೀಸಣಿಗೆಯ ಆಕಾರದ ಕೃತಕ ದ್ವೀಪ. ಊರಿಗೂ ಅದಕ್ಕೂ ನಡುವೆ ಇದ್ದದ್ದು ಒಂದು ಸಣ್ಣ ಸೇತುವೆ ಮಾತ್ರ. ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳಾದ ತೊಕುಗಾವಾ ಶೋಗನ್ನರ ಆಜ್ಞೆಯಂತೆ 1634ರಲ್ಲಿ ಆರಂಭವಾದ ಕೆಲಸ 1636ರಲ್ಲಿ ಮುಗಿಯಿತು. ಹಣ ಹಾಕಿದವರು ಅದೇ ಊರಿನ 25 ಮಂದಿ ಸಿರಿವಂತ ವರ್ತಕರು. ಮೊದಲು ಇಲ್ಲಿ ಇರಿಸಿದ್ದು ಪೋರ್ಚುಗೀಸರನ್ನು. 1639ರಲ್ಲಿ ಅವರನ್ನು ದೇಶದಿಂದ ಹೊರಹಾಕಿದ ಮೇಲೆ ಖಾಲಿ ಬಿದ್ದಿದ್ದ ದ್ವೀಪಕ್ಕೆ, ಹಿರಾದೊದಲ್ಲಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯನ್ನು (ವ್ಯಾಪಾರಕೇಂದ್ರವನ್ನು) 1641ರಲ್ಲಿ ವರ್ಗಾಯಿಸಲಾಯಿತು. 1850ರ ದಶಕದ ಒಪ್ಪಂದಗಳಾಗುವವರೆಗೂ ಯುರೋಪಿನ ವ್ಯಾಪಾರಕ್ಕೆ ಜಪಾನ್ ತೆರೆದಿಟ್ಟಿದ್ದ ಬಾಗಿಲು ಇದೊಂದೇ. ಒಂದೂವರೆ ಹೆಕ್ಟೇರಿನಷ್ಟು ಮಾತ್ರ ಇದ್ದ ಈ ನೆಲದ ಚಿತ್ರಗಳು ಡಚ್ ಗ್ರಂಥಗಳ ತಾಮ್ರಫಲಕಗಳಲ್ಲಿ, ನಾಗಾಸಾಕಿಯ ಮರದಚ್ಚಿನ ಹಾಳೆಗಳಲ್ಲಿ, ರೇಷ್ಮೆಯ ಸುರುಳಿಗಳಲ್ಲಿ, ಕೊನೆಗೆ ಗಾಜಿನ ಛಾಯಾಫಲಕಗಳಲ್ಲಿಯೂ ಉಳಿದುಬಂದಿವೆ. ಅವುಗಳಲ್ಲಿ ಬಹುಪಾಲನ್ನು ಇಂದು ಮನೆಯಲ್ಲೇ ಕುಳಿತು ದೊಡ್ಡ ಗಾತ್ರದಲ್ಲಿ ನೋಡಬಹುದು.

ಆದರೆ ನೋಡುವುದು ಬೇರೆ, ಓದುವುದು ಬೇರೆ. ಈ ಚಿತ್ರಗಳಲ್ಲಿ ಹೆಚ್ಚಿನವು ಇನ್ನೊಂದು ಚಿತ್ರವನ್ನು ನೋಡಿ ಮಾಡಿದ ನಕಲುಗಳು. ಹಾಳೆಯ ಮೇಲೆ ಅಚ್ಚಾಗಿರುವ ವರ್ಷ ಒಂದು, ಹಾಳೆಯಲ್ಲಿ ಕಾಣುವ ದ್ವೀಪದ ಕಾಲ ಇನ್ನೊಂದು ಆಗಿರುವುದೇ ಸಾಮಾನ್ಯ. ಹಾಗಾಗಿ ಪ್ರತಿ ಚಿತ್ರವನ್ನೂ ಕೈಗೆತ್ತಿಕೊಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದನ್ನು ಬರೆದವನು ದ್ವೀಪವನ್ನು ಕಣ್ಣಾರೆ ಕಂಡಿದ್ದನೇ, ಕಂಡಿದ್ದರೆ ಎಲ್ಲಿ ನಿಂತು ಕಂಡನು, ಯಾರಿಗಾಗಿ ಬರೆದನು ಎಂಬುದು. ಮುಂದೆ ವಿವರಿಸುವ ಕ್ರಮವೆಲ್ಲ ಈ ಪ್ರಶ್ನೆಗೆ ಚಿತ್ರದೊಳಗಿನಿಂದಲೇ ಉತ್ತರ ಪಡೆಯುವ ಉಪಾಯ.

ಆರಂಭದಲ್ಲೇ ಒಂದು ತಪ್ಪು ಕಲ್ಪನೆಯನ್ನು ಬದಿಗಿಡುವುದು ಒಳ್ಳೆಯದು. ಸಂಗ್ರಹಾಲಯಗಳ ಪಟ್ಟಿಗಳಲ್ಲಿ ದೆಜಿಮಾ ಬಟಾವಿಯಾ (ಇಂದಿನ ಜಕಾರ್ತಾ), ಅಂಬೋನ್, ಬಂಡಾ ದ್ವೀಪಗಳ ಸಾಲಿನಲ್ಲಿ ಡಚ್ ವಸಾಹತು ಎಂದೇ ದಾಖಲಾಗಿರುವುದುಂಟು. ಆ ಊರುಗಳ ನಕ್ಷೆಗಳಲ್ಲಿ ಕಂಪನಿಯ ಕೋಟೆ, ಬುರುಜು, ಫಿರಂಗಿಗಳು ಕಣ್ಣಿಗೆ ಹೊಡೆಯುತ್ತವೆ. ದೆಜಿಮಾದ ನಕ್ಷೆಯಲ್ಲಿ ಇವು ಒಂದೂ ಇಲ್ಲ. ಇರುವ ಕಾವಲುಮನೆಗಳೆಲ್ಲ ಜಪಾನೀಯರವು. ಡಚ್ಚರು ಇಲ್ಲಿ ಬಾಡಿಗೆದಾರರಾಗಿದ್ದರು. ದ್ವೀಪದ ಒಡೆಯರಾದ ವರ್ತಕರಿಗೆ ವರ್ಷಕ್ಕೆ 55 ಕಾನ್, ಅಂದರೆ ಸುಮಾರು 206 ಕಿಲೋ ಬೆಳ್ಳಿಯನ್ನು ತೆರುತ್ತಿದ್ದರು. ಅಪ್ಪಣೆಯಿಲ್ಲದೆ ಸೇತುವೆ ದಾಟುವಂತಿರಲಿಲ್ಲ. ಆದ್ದರಿಂದ ಈ ಚಿತ್ರಗಳನ್ನು ಆಳುವವರ ನಕ್ಷೆಗಳೆಂದು ಓದಲು ಹೊರಟರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಇವುಗಳಲ್ಲಿ ಒಂದು ಪಾಲು ಕಾವಲಿಟ್ಟವರು ಬರೆಸಿದ್ದು, ಒಂದು ಪಾಲು ಕಾವಲಿನೊಳಗೆ ಇದ್ದವರು ಬರೆಸಿದ್ದು, ಉಳಿದದ್ದು ಇಬ್ಬರನ್ನೂ ಕಾಣದವರು ಮಾರಾಟಕ್ಕೆಂದು ಬರೆದದ್ದು.

ಮೊದಲು ದಿಕ್ಕು

ನಕ್ಷೆಯ ಮೇಲ್ಭಾಗವೆಂದರೆ ಉತ್ತರ ಎಂಬ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಜಪಾನಿನ ಹಳೆಯ ನಗರ ನಕ್ಷೆಗಳನ್ನು ನೆಲದ ಮೇಲೆ ಹಾಸಿ, ಸುತ್ತ ಕುಳಿತು ನೋಡುತ್ತಿದ್ದರು. ಅದರಿಂದಾಗಿ ಅಕ್ಷರಗಳು ಬೇರೆ ಬೇರೆ ಬದಿಗೆ ಮುಖ ಮಾಡಿರುತ್ತವೆ. ಹಾಳೆಯ ಅಂಚಿನಲ್ಲಿ ನಾಲ್ಕು ದಿಕ್ಕುಗಳ ಹೆಸರು ಬರೆದಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ದ್ವೀಪದ ಆಕಾರವೇ ದಿಕ್ಸೂಚಿ. ಬೀಸಣಿಗೆಯ ಒಳಬಾಗಿದ, ಗಿಡ್ಡ ಅಂಚು ಉತ್ತರಕ್ಕೆ, ಊರಿನ ಕಡೆಗೆ ಇದೆ. ಉಬ್ಬಿದ, ಉದ್ದನೆಯ ಅಂಚು ದಕ್ಷಿಣಕ್ಕೆ, ಸಮುದ್ರದ ಕಡೆಗೆ ಇದೆ. ಎದೊ-ಮಾಚಿ ಎಂಬ ಬೀದಿಗೆ ಸೇರುವ ಸೇತುವೆ ಉತ್ತರದ ಅಂಚಿನ ನಡುವೆ ಬರುತ್ತದೆ. ಹಡಗಿನ ಸರಕು ಇಳಿಸುವ, ಏರಿಸುವ ನೀರ್ಬಾಗಿಲು ಪಶ್ಚಿಮದ ತುದಿಯಲ್ಲಿದೆ. ಅದರ ಹತ್ತಿರವೇ ಧ್ವಜಸ್ತಂಭವೂ, ಜಪಾನೀಯರು ಕಾಪಿತಾನ್ ಎಂದು ಕರೆಯುತ್ತಿದ್ದ ಕೋಠಿಯ ಮುಖ್ಯಸ್ಥನ ದೊಡ್ಡ ಮನೆಯೂ ಕಾಣುತ್ತವೆ. ತೋಟವೂ ದನ, ಹಂದಿಗಳ ಕೊಟ್ಟಿಗೆಗಳೂ ಪೂರ್ವದ ಕಡೆಗೆ.

ಈ ನಾಲ್ಕೈದು ಗುರುತುಗಳು ಮನಸ್ಸಿನಲ್ಲಿ ನಿಂತರೆ ಬಹಳ ಉಪಯುಕ್ತವಾದ ಒಂದು ಪರೀಕ್ಷೆ ತಾನಾಗಿ ಸಿಗುತ್ತದೆ. ಊರಿನ ಕಡೆಯಿಂದ ಸಮುದ್ರದತ್ತ ನೋಡಿದಂತೆ ಬರೆದ ಚಿತ್ರದಲ್ಲಿ ನೀರ್ಬಾಗಿಲು ಬಲಗಡೆಗೆ ಬರಬೇಕು. ಸಮುದ್ರದಿಂದ ಊರಿನತ್ತ ನೋಡಿದ ಚಿತ್ರದಲ್ಲಿ ಎಡಗಡೆಗೆ. ಇದು ತಿರುಗುಮುರುಗಾಗಿದ್ದರೆ ನಿಮ್ಮ ಮುಂದಿರುವುದು ಕನ್ನಡಿಬಿಂಬ. ಅಚ್ಚಾದ ಒಂದು ಚಿತ್ರವನ್ನು ನೋಡಿ ಅದೇ ರೀತಿಯಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿದರೆ, ಅದರಿಂದ ತೆಗೆದ ಅಚ್ಚು ಎಡಬಲ ಅದಲುಬದಲಾಗಿ ಮೂಡುತ್ತದೆ. ಅವಸರದ ಕೆತ್ತನೆಗಾರರು ಇದನ್ನು ಸರಿಪಡಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಕನ್ನಡಿಬಿಂಬವಾದ ಚಿತ್ರ ಕಂಡಿತೆಂದರೆ ಅದು ನಕಲು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆಮೇಲೆ ಅದರ ಮೂಲವನ್ನು ಹುಡುಕುವುದೇ ಕೆಲಸ.

ಚಿತ್ರದೊಳಗಿನ ಕಾಲವನ್ನು ಗುರುತಿಸುವುದು

ಇಲ್ಲಿ ನಿಧಾನವಾಗಿ ಕೆಲಸ ಮಾಡಿದಷ್ಟೂ ಫಲ ಹೆಚ್ಚು. ಯಾವ ಕಟ್ಟಡ, ಯಾವ ನೆಲ ಯಾವ ವರ್ಷದಿಂದ ಇತ್ತು, ಯಾವ ವರ್ಷಕ್ಕೆ ಅಳಿಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಚಿತ್ರದಲ್ಲಿ ಇರುವುದನ್ನೂ ಇಲ್ಲದಿರುವುದನ್ನೂ ಅದಕ್ಕೆ ಹೋಲಿಸಿ ನೋಡಬೇಕು.

ದ್ವೀಪದ ಹೊರಗಿನಿಂದ ಆರಂಭಿಸುವುದು ಅನುಕೂಲ. ಬಂದರಿನ ಇಡೀ ನೋಟವಿರುವ ಚಿತ್ರಗಳಲ್ಲಿ ದೆಜಿಮಾದ ದಕ್ಷಿಣಕ್ಕೆ, ಬೇಲಿ ಹಾಕಿದ ಆಯತಾಕಾರದ ಚೀನೀಯರ ವಸತಿ ಕಂಡರೆ ಆ ನೋಟ 1689ಕ್ಕಿಂತ ಹಿಂದಿನದಲ್ಲ, ಏಕೆಂದರೆ ಚೀನೀ ವರ್ತಕರನ್ನು ಒಂದೆಡೆ ಕೂಡಿಹಾಕಿದ ಆ ವಸತಿ ಸಿದ್ಧವಾದದ್ದು ಆ ವರ್ಷದಲ್ಲಿ. ಅದರ ಮುಂದಿನ ನೀರಿನಲ್ಲಿ ಉಗ್ರಾಣಗಳಿಗೆಂದು ತುಂಬಿದ ಶಿಂಚಿ ಎಂಬ ಇನ್ನೊಂದು ಕೃತಕ ನೆಲ 1702ರದು. ದೆಜಿಮಾವನ್ನು ಒಂಟಿಯಾಗಿ ತೋರಿಸಿ ಶಿಂಚಿಯನ್ನು ಬಿಟ್ಟಿರುವ ನಕ್ಷೆ 1750ರಲ್ಲಿ ಅಚ್ಚಾಗಿದ್ದರೂ ಅದರ ಆಧಾರ ಅರ್ಧ ಶತಮಾನ ಹಳೆಯದು ಎಂದು ತಿಳಿಯಬೇಕು. ಯುರೋಪಿನಲ್ಲಿ ಅಚ್ಚಾದ ನಾಗಾಸಾಕಿ ನಕ್ಷೆಗಳ ವಿಷಯದಲ್ಲಿ ಈ ಒಂದು ಪರೀಕ್ಷೆಯೇ ಎಷ್ಟೋ ಗೊಂದಲವನ್ನು ನಿವಾರಿಸುತ್ತದೆ.

ದ್ವೀಪದೊಳಗೆ ಬಂದರೆ, 1798ರ ಬೆಂಕಿ ದೊಡ್ಡ ಗಡಿಗಲ್ಲು. ಆ ವರ್ಷ ಪಶ್ಚಿಮ ಭಾಗದ ಬಹಳಷ್ಟು ಕಟ್ಟಡಗಳು ಮುಖ್ಯಸ್ಥನ ಮನೆಯೂ ಸೇರಿದಂತೆ ಸುಟ್ಟುಹೋದವು. ಆ ಮನೆಯನ್ನು ಮತ್ತೆ ಕಟ್ಟಿ ಮುಗಿಸಿದ್ದು 1809ರಲ್ಲಿ, ಹೆಂಡ್ರಿಕ್ ಡೂಫ್ ಮುಖ್ಯಸ್ಥನಾಗಿದ್ದಾಗ. ಮುಖ್ಯಸ್ಥನ ಮನೆಯ ಚಾವಣಿ, ಮಹಡಿಯ ಕಿಟಕಿಗಳು, ಹೊರಗಿನ ಮೆಟ್ಟಿಲುಗಳ ರೂಪ ಬೆಂಕಿಯ ಮುಂಚಿನ ಮತ್ತು ಆಮೇಲಿನ ಚಿತ್ರಗಳಲ್ಲಿ ಬೇರೆಯಾಗಿರುವುದನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಗುರುತಿಸಬಹುದು. ತೋಟದಲ್ಲಿ ಒಂದು ಸ್ಮಾರಕಶಿಲೆ ಕಂಡರೆ ಕಾಲ 1826ರ ಈಚೆಗೆ ಬರುತ್ತದೆ. ತನಗಿಂತ ಮುಂಚೆ ಇದೇ ದ್ವೀಪದಲ್ಲಿದ್ದು ಜಪಾನಿನ ಸಸ್ಯಗಳನ್ನು ಅಭ್ಯಾಸ ಮಾಡಿದ ಎಂಗೆಲ್ಬರ್ಟ್ ಕೆಂಫರ್ ಮತ್ತು ಕಾರ್ಲ್ ಪೀಟರ್ ಥುನ್‌ಬರ್ಗ್ ಎಂಬ ಇಬ್ಬರು ವೈದ್ಯರ ನೆನಪಿಗೆ ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್ ನಿಲ್ಲಿಸಿದ ಕಲ್ಲು ಅದು. ಇಂದಿಗೂ ಅಲ್ಲೇ ಇದೆ.

ಹಡಗುಗಳೂ ಬಾವುಟಗಳೂ ಮಾತಾಡುತ್ತವೆ, ಆದರೆ ಇವುಗಳ ಮಾತನ್ನು ಸ್ವಲ್ಪ ಅನುಮಾನದಿಂದ ಕೇಳಬೇಕು. 1715ರ ನಿಯಮದಂತೆ ಡಚ್ಚರಿಗೆ ವರ್ಷಕ್ಕೆ ಎರಡೇ ಹಡಗುಗಳಿಗೆ ಅವಕಾಶವಿತ್ತು. 1790ರಲ್ಲಿ ಅದನ್ನೂ ಒಂದಕ್ಕೆ ಇಳಿಸಲಾಯಿತು. ಹತ್ತೊಂಬತ್ತನೆಯ ಶತಮಾನದ ಚಿತ್ರದಲ್ಲಿ ನಾಲ್ಕೈದು ಡಚ್ ಹಡಗುಗಳು ಒಟ್ಟಿಗೆ ಲಂಗರು ಹಾಕಿದ್ದರೆ ಅದು ಚಿತ್ರಕಾರನ ಔದಾರ್ಯ, ಇಲ್ಲವೇ ಹಳೆಯ ಮಾದರಿಯ ಅನುಕರಣೆ. ಮಧ್ಯದಲ್ಲಿ ಕಂಪನಿಯ ಮೂರಕ್ಷರದ ಮುದ್ರೆಯಿರುವ ಬಾವುಟ ಕಂಪನಿಯ ಕಾಲಕ್ಕೆ ಸೇರಿದ್ದು. ಕಂಪನಿ 1799ರ ಕೊನೆಗೆ ವಿಸರ್ಜನೆಯಾಯಿತು. 1797ರಿಂದ ಮುಂದಿನ ಕೆಲವು ವರ್ಷ ಯುರೋಪಿನ ಯುದ್ಧಗಳ ಕಾರಣ ಅಮೆರಿಕದ ಹಡಗುಗಳನ್ನು ಬಾಡಿಗೆಗೆ ಹಿಡಿದು ಡಚ್ ಬಾವುಟ ಹಾರಿಸಿಕೊಂಡು ಕಳುಹಿಸಿದ್ದೂ ಉಂಟು. ಹೀಗಾಗಿ ಬಾವುಟವನ್ನು ನೋಡಿ ಹಡಗಿನ ಒಡೆತನವನ್ನು ಹೇಳುವುದು ಅಪಾಯಕರ. ಹಡಗುಗಳು ಬಟಾವಿಯಾದಿಂದ ನೈಋತ್ಯ ಮಾರುತದ ಬೆನ್ನೇರಿ ಬೇಸಗೆಯಲ್ಲಿ ಬಂದು ಶರತ್ಕಾಲದಲ್ಲಿ ಹಿಂದಿರುಗುತ್ತಿದ್ದುದರಿಂದ, ಬಂದರಿನಲ್ಲಿ ಹಡಗಿದೆ ಎಂದರೆ ವರ್ಷದ ಯಾವ ಭಾಗ ಎಂಬುದಾದರೂ ತಿಳಿಯುತ್ತದೆ.

ಬಣ್ಣವನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬಾರದು. ತಾಮ್ರಫಲಕದ ಅಚ್ಚುಗಳು ಕಪ್ಪುಬಿಳುಪಿನಲ್ಲಿ ಹೊರಬರುತ್ತಿದ್ದವು. ಬಣ್ಣವನ್ನು ಕೊಂಡವರೋ ಮಾರಿದವರೋ, ಕೆಲವೊಮ್ಮೆ ನೂರು ಇನ್ನೂರು ವರ್ಷಗಳ ಮೇಲೆ, ತಮಗೆ ತೋಚಿದಂತೆ ತುಂಬಿದ್ದಾರೆ.

ನಕಲಿನ ವಂಶಾವಳಿ

ಯುರೋಪಿನವರಿಗೆ ದೆಜಿಮಾದ ರೂಪವನ್ನು ಮೊದಲು ಪರಿಚಯಿಸಿದ ಪ್ರಸಿದ್ಧ ಚಿತ್ರಗಳಲ್ಲಿ ಒಂದು, ಅರ್ನಾಲ್ಡಸ್ ಮೊಂಟಾನಸ್‌ನ ಗ್ರಂಥದಲ್ಲಿದೆ. ಅದನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾಕೊಬ್ ಫಾನ್ ಮ್ಯೂರ್ಸ್ 1669ರಲ್ಲಿ ಪ್ರಕಟಿಸಿದನು. ಮೊಂಟಾನಸ್ ಜಪಾನನ್ನು ಕಂಡವನಲ್ಲ. ಕಂಪನಿಯ ದೂತರ ವರದಿಗಳನ್ನು ಜೋಡಿಸಿ ಬರೆದನು. ಆ ಪುಸ್ತಕದ ಕೆತ್ತನೆಗಳು ಸುಂದರವಾಗಿವೆ, ಯುರೋಪಿನ ಊಹೆಯಿಂದ ತುಂಬಿವೆ. ದ್ವೀಪದ ಬೀಸಣಿಗೆಯ ಆಕಾರ ಸರಿಯಾಗಿಯೇ ಬಂದಿದೆ ಎಂಬುದನ್ನು ಒಪ್ಪಿಕೊಂಡು, ಮನೆಗಳ ಗೋಡೆ, ಚಾವಣಿ, ಜನರ ಉಡುಪು ಮೊದಲಾದ ವಿವರಗಳನ್ನು ಅದರಿಂದ ಎತ್ತಿಕೊಳ್ಳದಿರುವುದು ಕ್ಷೇಮ. ಮುಂದಿನ ವರ್ಷವೇ ಇಂಗ್ಲಿಷಿಗೆ ಬಂದ ಈ ಗ್ರಂಥದ ಚಿತ್ರಗಳನ್ನು ಬೇರೆ ಬೇರೆ ಪ್ರಕಾಶಕರು ಮತ್ತೆ ಮತ್ತೆ ಬಳಸಿಕೊಂಡರು. ಆದ್ದರಿಂದ ಹದಿನೆಂಟನೆಯ ಶತಮಾನದ ಯಾವುದೇ ಯುರೋಪಿಯನ್ ನೋಟಚಿತ್ರ ಸಿಕ್ಕಿದೊಡನೆ ಅದನ್ನು ಮೊದಲು ಮೊಂಟಾನಸ್‌ನ ಫಲಕದ ಪಕ್ಕದಲ್ಲಿಟ್ಟು, ಮರಗಳ ಜಾಗ, ದೋಣಿಗಳ ಸಂಖ್ಯೆ, ನೆರಳಿನ ದಿಕ್ಕು ಇವನ್ನು ಹೋಲಿಸಬೇಕು. ಕಟ್ಟಡಗಳನ್ನು ಎಲ್ಲರೂ ಎಚ್ಚರದಿಂದ ಬದಲಿಸುತ್ತಾರೆ. ಮೂಲೆಯ ದೋಣಿಯನ್ನು ಬದಲಿಸಲು ಮರೆಯುತ್ತಾರೆ.

ಎರಡನೆಯ ಕವಲು ಕೆಂಫರನದು. ಈ ಜರ್ಮನ್ ವೈದ್ಯ 1690ರಿಂದ 1692ರವರೆಗೆ ದೆಜಿಮಾದಲ್ಲಿದ್ದು ಎರಡು ಸಲ ಶೋಗನ್ನರ ಎದೊ ನಗರಕ್ಕೆ (ಇಂದಿನ ಟೋಕಿಯೊ) ಪಯಣಿಸಿದವನು. ವಿದೇಶೀಯರಿಗೆ ನಕ್ಷೆ ಕೊಡುವುದು ನಿಷಿದ್ಧವಾಗಿದ್ದ ಕಾಲದಲ್ಲಿ ಅವನಿಗೆ ಗುಟ್ಟಾಗಿ ಮಾಹಿತಿ ಒದಗಿಸಿದವನು ಇಮಾಮುರಾ ಎಂಬ ತರುಣ ಸಹಾಯಕ. ಕೆಂಫರ್ 1716ರಲ್ಲಿ ತೀರಿಕೊಂಡ ಮೇಲೆ ಅವನ ಹಸ್ತಪ್ರತಿಗಳನ್ನು ಲಂಡನ್ನಿನ ಹಾನ್ಸ್ ಸ್ಲೋನ್ ಕೊಂಡನು; ಶೊಯ್ಕ್‌ತ್ಸರ್ ಎಂಬುವನು ಇಂಗ್ಲಿಷಿಗೆ ಅನುವಾದಿಸಿ, ಚಿತ್ರಗಳನ್ನು ಅಚ್ಚಿಗಾಗಿ ಮತ್ತೆ ಬರೆದು, 1727ರಲ್ಲಿ ಜಪಾನಿನ ಇತಿಹಾಸವಾಗಿ ಹೊರತಂದನು. ಅಂದರೆ ಅಲ್ಲಿಯ ನಾಗಾಸಾಕಿ ನಕ್ಷೆ 1727ರ ನಾಗಾಸಾಕಿಯನ್ನು ತೋರಿಸುವುದಿಲ್ಲ, 1690ರ ಆಸುಪಾಸಿನ ನಾಗಾಸಾಕಿಯನ್ನು ತೋರಿಸುತ್ತದೆ. ಅದೂ ಜಪಾನೀ ಕೈಯಿಂದ ಕೆಂಫರನಿಗೆ, ಅವನಿಂದ ಶೊಯ್ಕ್‌ತ್ಸರನಿಗೆ ದಾಟಿ ಬಂದ ರೂಪದಲ್ಲಿ. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಬೆಲ್ಲಾನ್ ಮುದ್ರಿಸಿದ ಬಂದರಿನ ನಕ್ಷೆಯೂ ಈ ಕವಲಿನದೇ. ಕೆಂಫರನ ಕೈಬರಹಗಳು ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದರಿಂದ, ಮೂಲಕ್ಕೂ ಅಚ್ಚಿಗೂ ನಡುವೆ ಆದ ಬದಲಾವಣೆಯನ್ನು ಇಲ್ಲಿ ನೇರವಾಗಿ ಅಳೆಯಲು ಸಾಧ್ಯ.

ಕೆಂಫರನ ಬರಹದಲ್ಲಿ ಚಿತ್ರ ಓದುವವರಿಗೆ ಬಹಳ ಬೇಕಾದ ಒಂದು ವಿವರವಿದೆ. ದ್ವೀಪದ ಸುತ್ತ ನೀರಿನಲ್ಲಿ ಎತ್ತರದ ಹದಿಮೂರು ಕಂಬಗಳನ್ನು ನೆಟ್ಟು, ಯಾವ ದೋಣಿಯೂ ಅವುಗಳ ಒಳಗೆ ಬರಬಾರದೆಂಬ ಆಜ್ಞೆಯ ಹಲಗೆಗಳನ್ನು ತೂಗುಹಾಕಿದ್ದರು. ಇವನ್ನು ಬರೆದವರಿದ್ದಾರೆ, ಅಲಂಕಾರಕ್ಕೆ ಅಡ್ಡವೆಂದು ಬಿಟ್ಟವರಿದ್ದಾರೆ. ಕಂಬಗಳ ಒಳಗೆ ಮೀನುದೋಣಿಗಳು ಆರಾಮವಾಗಿ ತೇಲುತ್ತಿರುವ ಚಿತ್ರವನ್ನು ಕಂಡರೆ, ಅದನ್ನು ಬರೆದವನು ಅಲ್ಲಿ ನಿಂತು ನೋಡಿರಲಿಕ್ಕಿಲ್ಲ ಎಂದು ಊಹಿಸುವುದು ನ್ಯಾಯ.

ಮೂರನೆಯ ಕವಲಿನಲ್ಲಿ ನಕಲಿನ ದಿಕ್ಕು ತಿರುಗುತ್ತದೆ. 1780ರಲ್ಲಿ ನಾಗಾಸಾಕಿಯ ತೊಶಿಮಾಯಾ ಬುಂಜಿಎಮೋನ್ ಎಂಬ ಪ್ರಕಾಶಕನು ದ್ವೀಪದ ವಿಹಂಗಮ ನೋಟವೊಂದನ್ನು ಮರದಚ್ಚಿನಲ್ಲಿ ಹೊರತಂದನು. ಆ ಹೊತ್ತಿಗೆ ಕೋಠಿಯ ಮುಖ್ಯಸ್ಥನಾಗಿದ್ದವನು ಐಸಾಕ್ ಟಿಟ್ಸಿಂಗ್. ಅವನ ಬರಹಗಳನ್ನು ಅವನ ಮರಣದ ನಂತರ 1824–25ರಲ್ಲಿ ಡಚ್ ಭಾಷೆಯಲ್ಲಿ ಅಚ್ಚು ಹಾಕಿದಾಗ ಅದೇ ನೋಟದ ಪ್ರತಿಯನ್ನು ಸೇರಿಸಲಾಯಿತು. ಇಂದು ದೆಜಿಮಾ ಎಂದು ಹುಡುಕಿದರೆ ಎಲ್ಲೆಡೆ ಎದುರಾಗುವ ಚಿತ್ರ ಇದೇ; ಬಹಳ ಕಡೆ ಅದರ ಕೆಳಗೆ 1824 ಎಂದಷ್ಟೇ ಬರೆದಿರುತ್ತಾರೆ. ಅದನ್ನು ನಂಬಿ ಬೆಂಕಿಯ ನಂತರದ ದ್ವೀಪ ಹೀಗಿತ್ತು ಎಂದು ಯಾರಾದರೂ ವಾದಿಸಿದರೆ, ಸುಟ್ಟುಹೋದ ಕಟ್ಟಡಗಳನ್ನೇ ಸಾಕ್ಷಿಗೆ ಕರೆದಂತಾಗುತ್ತದೆ.

ನಾಗಾಸಾಕಿಯ ಕೈಗಳು

ಸ್ಥಳೀಯ ಮರದಚ್ಚಿನ ಚಿತ್ರಗಳನ್ನು ನಾಗಾಸಾಕಿಗೆ ಬಂದ ಪ್ರವಾಸಿಗರು ನೆನಪಿಗೆಂದು ಕೊಂಡೊಯ್ಯುತ್ತಿದ್ದರು. ಕೊಳ್ಳುವವನಿಗೆ ಬೇಕಿದ್ದದ್ದು ವಿಚಿತ್ರ: ಉದ್ದ ಮೂಗಿನ ಡಚ್ಚ, ಅವನಿಗೆ ಕೊಡೆ ಹಿಡಿದ ಕಪ್ಪು ಬಣ್ಣದ ಸೇವಕ, 1821ರಲ್ಲಿ ಬಂದಿಳಿದ ಎರಡು ಒಂಟೆಗಳು. ಹೀಗೆ ಕೊಡೆ ಹಿಡಿದವರು ಬಟಾವಿಯಾದ ಕಡೆಯಿಂದ ತಂದ ಗುಲಾಮರೆಂಬುದನ್ನು ಚಿತ್ರದ ಲವಲವಿಕೆಯಲ್ಲಿ ಮರೆಯಬಾರದು. ಕೋಠಿಯ ಲಿಖಿತ ದಾಖಲೆಗಳಲ್ಲಿ ಅಷ್ಟಾಗಿ ಕಾಣಿಸದ ಇವರು ಈ ಹಾಳೆಗಳಲ್ಲಿಯೇ ಹೆಚ್ಚು ಕಾಣುತ್ತಾರೆ. ಕಟ್ಟಡಗಳ ಅಳತೆಗೆ ಈ ಹಾಳೆಗಳನ್ನು ನೆಚ್ಚುವಂತಿಲ್ಲ, ಆದರೆ ಯಾರು ಏನು ಮಾಡುತ್ತಿದ್ದರು ಎಂಬುದಕ್ಕೆ ಇವು ಉತ್ತಮ ಆಕರ.

ಅಳತೆಗೂ ಬದುಕಿಗೂ ಎರಡಕ್ಕೂ ನೆಚ್ಚಬಹುದಾದ ಕೈ ಕಾವಾಹಾರಾ ಕೈಗಾನದು. ದ್ವೀಪದೊಳಗೆ ಹೋಗಿಬರಲು ಅನುಮತಿ ಪಡೆದಿದ್ದ ಈ ಚಿತ್ರಕಾರ ಕೋಠಿಯಲ್ಲಿದ್ದ ಬ್ಲೊಮ್‌ಹೊಫ್, ಫಿಷರ್, ಸೀಬೋಲ್ಡ್ ಮುಂತಾದವರಿಗಾಗಿ ಸಸ್ಯ, ಮೀನು, ಮದುವೆ, ಶವಸಂಸ್ಕಾರ, ಬಂದರು ಎಲ್ಲವನ್ನೂ ಬರೆದುಕೊಟ್ಟನು. ಪಾಶ್ಚಾತ್ಯ ಅಕ್ಷರಗಳಲ್ಲಿ ತೊಯೊಸ್ಕಿ ಎಂದು ಕೆತ್ತಿದ ಅವನ ಮುದ್ರೆಯನ್ನು ಹುಡುಕಬೇಕು. ಆದರೆ ಅವನ ಕಾರ್ಯಾಗಾರದಲ್ಲಿ ಒಂದೇ ನೋಟದ ಹಲವು ಪ್ರತಿಗಳು ತಯಾರಾಗುತ್ತಿದ್ದುದರಿಂದ ಮುದ್ರೆಯಿದ್ದ ಮಾತ್ರಕ್ಕೆ ಅವನದೇ ಕೈ ಎಂದು ಹೇಳಲಾಗದು. ಇಂಥ ಚಿತ್ರಗಳನ್ನು ಸರ್ಕಾರ ಎಷ್ಟು ಗಂಭೀರವಾಗಿ ನೋಡುತ್ತಿತ್ತು ಎಂಬುದಕ್ಕೆ ಅವನ ಬದುಕೇ ನಿದರ್ಶನ. ಜಪಾನಿನ ನಕ್ಷೆಗಳನ್ನು ಸೀಬೋಲ್ಡ್ ಪಡೆದುಕೊಂಡದ್ದು 1828ರಲ್ಲಿ ಬಯಲಾದಾಗ ಸೀಬೋಲ್ಡನಿಗೆ ಗಡಿಪಾರಾಯಿತು, ನಕ್ಷೆ ಕೊಟ್ಟ ತಾಕಾಹಾಶಿ ಕಾಗೆಯಾಸು ಸೆರೆಮನೆಯಲ್ಲಿ ಸತ್ತನು, ಕೈಗಾ ಸಹ ಶಿಕ್ಷೆಗೆ ಒಳಗಾದನು. ಮತ್ತೆ 1842ರಲ್ಲಿ, ಬಂದರಿನ ನೋಟವೊಂದರಲ್ಲಿ ಕಾವಲು ದೋಣಿಗಳ ಮೇಲೆ ದೊರೆಮನೆತನಗಳ ಲಾಂಛನಗಳನ್ನು ಇದ್ದಂತೆಯೇ ಬರೆದನೆಂಬ ಕಾರಣಕ್ಕೆ ಅವನನ್ನು ನಾಗಾಸಾಕಿಯಿಂದಲೇ ಹೊರಹಾಕಲಾಯಿತು. ಆದ್ದರಿಂದ ಜಪಾನೀ ಚಿತ್ರಗಳಲ್ಲಿ ಕಾವಲಿನ ದೋಣಿಗಳು, ಠಾಣೆಗಳು ಮಸುಕಾಗಿದ್ದರೆ ಅದನ್ನು ಚಿತ್ರಕಾರನ ಅಜ್ಞಾನವೆಂದು ಎಣಿಸುವ ಮೊದಲು ಎರಡು ಸಲ ಯೋಚಿಸಬೇಕು.

ಜಪಾನೀ ಹಾಳೆಯ ಮೇಲಿನ ವರ್ಷ ಯುಗದ ಹೆಸರಿನಲ್ಲಿರುತ್ತದೆ. ಯುಗ ಆರಂಭವಾದ ವರ್ಷಕ್ಕೆ ಹೇಳಿದ ಸಂಖ್ಯೆಯನ್ನು ಕೂಡಿಸಿ ಒಂದು ಕಳೆದರೆ ಸಾಕು: ಆನ್‌ಎಯಿ ಯುಗ 1772ರಲ್ಲಿ ಆರಂಭವಾದದ್ದು, ಆದ್ದರಿಂದ ಆನ್‌ಎಯಿ 9 ಎಂದರೆ 1780, ಕಾನ್‌ಸೆಯಿ ಯುಗ 1789ರದು, ಆದ್ದರಿಂದ ಕಾನ್‌ಸೆಯಿ 10 ಎಂದರೆ 1798. ಚಾಂದ್ರಮಾನದ ಹನ್ನೆರಡನೆಯ ತಿಂಗಳಾಗಿದ್ದರೆ ಮುಂದಿನ ಕ್ರಿಸ್ತವರ್ಷಕ್ಕೆ ಜಾರುವ ಸಾಧ್ಯತೆಯಿದೆ.

ಅಳತೆ ಮತ್ತು ಇಂದಿನ ನೆಲ

ಇಲ್ಲಿಂದ ಮುಂದಿನ ಕೆಲಸ ನೇರವಾಗಿ ಮೇಲಿನಿಂದ ನೋಡಿದಂತೆ ಬರೆದ ನೆಲನಕ್ಷೆಗಳಿಗೆ ಮಾತ್ರ ಅನ್ವಯಿಸುತ್ತದೆ. ವಿಹಂಗಮ ನೋಟಗಳನ್ನು ಇಂದಿನ ನಕ್ಷೆಯ ಮೇಲೆ ಹಿಗ್ಗಿಸಿ ಕೂರಿಸುವ ಪ್ರಯತ್ನ ಬೇಡ. ದೂರದ ಮನೆಗಳು ಚಿಕ್ಕದಾಗಿ ಕಾಣುವ ಚಿತ್ರದಲ್ಲಿ ಒಂದೇ ಮಾಪಕ ಇರುವುದಿಲ್ಲ.

ಕೆನ್ ಎಂಬ ಉದ್ದದ ಅಳತೆಯನ್ನು ಬಳಸುವ ಜಪಾನೀ ದಾಖಲೆಗಳಂತೆ ದ್ವೀಪದ ದಕ್ಷಿಣದಂಚು 118 ಕೆನ್‌ಗಿಂತ ಸ್ವಲ್ಪ ಹೆಚ್ಚು, ಉತ್ತರದಂಚು 96 ಕೆನ್‌ಗೂ ಮಿಗಿಲು, ಪೂರ್ವ ಪಶ್ಚಿಮದ ಬದಿಗಳು 35 ಕೆನ್‌ಗೂ ಮಿಗಿಲು. ಇಲ್ಲಿಯ ಕೆನ್ ಆರೂವರೆ ಶಾಕುವಿನದು (ಶಾಕು ಎಂದರೆ ಜಪಾನೀ ಅಡಿ), ಅಂದರೆ ಸುಮಾರು 1.97 ಮೀಟರ್. ಸಾಮಾನ್ಯವಾಗಿ ಪುಸ್ತಕಗಳಲ್ಲಿ ಸಿಗುವ 1.82 ಮೀಟರಿನ ಕೆನ್ ಹಿಡಿದರೆ ದ್ವೀಪವೇ ಕುಗ್ಗುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ದಕ್ಷಿಣಕ್ಕೆ ಸುಮಾರು 233 ಮೀಟರ್, ಉತ್ತರಕ್ಕೆ 190, ಅಕ್ಕಪಕ್ಕಕ್ಕೆ 70 ಮೀಟರ್ ಬರುತ್ತದೆ. ಕೆಂಫರ್ ತಾನೇ ಹೆಜ್ಜೆ ಹಾಕಿ ಹೇಳಿದ 236 ಹೆಜ್ಜೆ ಉದ್ದ, 82 ಹೆಜ್ಜೆ ಅಗಲದ ಲೆಕ್ಕಕ್ಕೆ ಇದು ಹೆಚ್ಚೇನೂ ದೂರವಿಲ್ಲ. ದ್ವೀಪದ ಅಳತೆ 120 ಮೀಟರ್ ಉದ್ದ, 75 ಮೀಟರ್ ಅಗಲ ಎಂಬ ಮಾತು ಬಹಳ ಕಡೆ ಓಡಾಡುತ್ತಿದೆ. ಉದ್ದದ ಆ ಅಂಕಿ ಮೇಲಿನ ಯಾವುದಕ್ಕೂ ಹೊಂದುವುದಿಲ್ಲ. ಡಚ್ ನಕ್ಷೆಗಳಲ್ಲಿ ಮಾಪಕ ರೈನ್‌ಲ್ಯಾಂಡ್ ದಂಡದಲ್ಲಿದ್ದರೆ ಒಂದು ದಂಡಕ್ಕೆ 3.77 ಮೀಟರ್, ಅದರ ಹನ್ನೆರಡನೆಯ ಒಂದು ಭಾಗವಾದ ರೈನ್‌ಲ್ಯಾಂಡ್ ಅಡಿಗೆ 31.4 ಸೆಂಟಿಮೀಟರ್, ಆಮ್‌ಸ್ಟರ್‌ಡ್ಯಾಮ್ ಅಡಿಯಾದರೆ 28.3 ಸೆಂಟಿಮೀಟರ್ ಮಾತ್ರ. ಯಾವ ಅಡಿ ಎಂದು ಬರೆಯದ ನಕ್ಷೆಯಲ್ಲಿ ದಕ್ಷಿಣದಂಚನ್ನು ಅಳೆದು, 233 ಮೀಟರಿಗೆ ಯಾವುದು ಹತ್ತಿರವಾಗುತ್ತದೆ ಎಂದು ನೋಡಿ ನಿರ್ಧರಿಸಬಹುದು.

ಕ್ಯೂಜಿಐಎಸ್‌ನಂಥ ಉಚಿತ ನಕ್ಷಾ ತಂತ್ರಾಂಶದಲ್ಲಿ ಹಳೆಯ ನಕ್ಷೆಯನ್ನು ಇಂದಿನ ನಾಗಾಸಾಕಿಯ ಮೇಲೆ ಕೂರಿಸುವಾಗ ಒಂದು ವಿಷಯ ತಿಳಿದಿರಲೇಬೇಕು. 1888ರಲ್ಲಿ ನಾಕಾಶಿಮಾ ನದಿಯ ಪಾತ್ರವನ್ನು ತಿರುಗಿಸುವಾಗ ದ್ವೀಪದ ಉತ್ತರದ ಅಂಚನ್ನು ಸರಾಸರಿ 18 ಮೀಟರಿನಷ್ಟು ಕತ್ತರಿಸಲಾಯಿತು. ಹಳೆಯ ಕಲ್ಲುಸೇತುವೆಯೂ ಆಗಲೇ ಹೋಯಿತು. 1904ಕ್ಕೆ ಮುಗಿದ ಬಂದರು ಕಾಮಗಾರಿಯಲ್ಲಿ ಉಳಿದ ಬದಿಗಳ ಸಮುದ್ರವನ್ನು ತುಂಬಿ, ದ್ವೀಪ ಊರಿನೊಳಗೆ ಕರಗಿತು. ಹೀಗಾಗಿ ಹೊಂದಿಸುವ ಬಿಂದುಗಳನ್ನು ಉತ್ತರದ ಇಂದಿನ ದಂಡೆಯಿಂದ ಆಯ್ದರೆ ಇಡೀ ನಕ್ಷೆ ತಿರುಚಿಕೊಳ್ಳುತ್ತದೆ. ಉತ್ಖನನದಲ್ಲಿ ಬೆಳಕಿಗೆ ಬಂದ ದಕ್ಷಿಣದ ಹಾಗೂ ಪೂರ್ವ, ಪಶ್ಚಿಮ ಬದಿಗಳ ಕಲ್ಲಿನ ಕಟ್ಟೆಗಳೇ ಭದ್ರವಾದ ಆಧಾರ. 2017ರಲ್ಲಿ ತೆರೆದ ಹೊಸ ಸೇತುವೆ ಹಳೆಯ ಸೇತುವೆಯ ನೇರಕ್ಕೇ ಇದ್ದರೂ, ದಂಡೆಗಳು ಬೇರೆಯಾಗಿರುವುದರಿಂದ ಅದರ ತುದಿಗಳನ್ನು ಹಳೆಯ ಸೇತುವೆಯ ತುದಿಗಳೆಂದು ಹಿಡಿಯಬಾರದು. ಈಗ ಅಲ್ಲಿ ಕಾಣುವ ಮನೆಗಳೂ ಉಗ್ರಾಣಗಳೂ ಹತ್ತೊಂಬತ್ತನೆಯ ಶತಮಾನದ ಆರಂಭದ ರೂಪಕ್ಕೆ ಮರಳಿ ಕಟ್ಟಿದವು. ಕಟ್ಟುವಾಗ ನೋಡಿದ ಆಕರಗಳಲ್ಲಿ ನಾವು ಓದುತ್ತಿರುವ ಚಿತ್ರಗಳೂ ಸೇರಿವೆ. ಆದ್ದರಿಂದ ಇಂದಿನ ಕಟ್ಟಡವನ್ನು ತೋರಿಸಿ ಹಳೆಯ ಚಿತ್ರ ಸರಿಯೆಂದು ಸಾಧಿಸುವುದು ಸುತ್ತುವಾದವಾಗುತ್ತದೆ.

ಉಗ್ರಾಣಗಳಿಗೆ ಡಚ್ಚರು ನೈದಿಲೆ, ಮುಳ್ಳು ಎಂಬ ಅರ್ಥದ ಹೆಸರಿಟ್ಟಿದ್ದರು. ಜಪಾನೀಯರು ಅವನ್ನೇ ತಮ್ಮ ಅಕ್ಷರಮಾಲೆಯ ಕ್ರಮದಲ್ಲಿ ಇ, ರೋ ಎಂದು ಕರೆದರು. ಎರಡು ಭಾಷೆಯ ನಕ್ಷೆಗಳನ್ನು ಹೋಲಿಸುವಾಗ ಈ ಜೋಡಿ ಬೇಕಾಗುತ್ತದೆ. ತಾಮ್ರದ ಉಗ್ರಾಣವನ್ನು ಗುರುತಿಸುವುದು ಭಾರತದ ಓದುಗರಿಗೆ ಸ್ವಲ್ಪ ಹೆಚ್ಚಿನ ಆಸಕ್ತಿಯ ವಿಷಯ, ಏಕೆಂದರೆ ಅಲ್ಲಿ ತೂಗಿ ಪೆಟ್ಟಿಗೆಗೆ ತುಂಬಿದ ಜಪಾನೀ ತಾಮ್ರದ ಸರಳುಗಳನ್ನು ಕಂಪನಿ ಕೋರಮಂಡಲ, ಸೂರತ್ತು, ಬಂಗಾಳಗಳಲ್ಲಿ ಮಾರುತ್ತಿತ್ತು. ಕೋರಮಂಡಲದ ಬಟ್ಟೆಗಳು ಅದೇ ನೀರ್ಬಾಗಿಲಿನಿಂದ ಒಳಗೆ ಬರುತ್ತಿದ್ದವು.

ಎಲ್ಲಿ ಹುಡುಕುವುದು, ಏನು ಬರೆದಿಡುವುದು

ಹೇಗ್ ನಗರದ ರಾಷ್ಟ್ರೀಯ ದಾಖಲೆಗಾರದಲ್ಲಿ ಕಂಪನಿಯ ಕಡತಗಳೂ ಜಪಾನಿನ ಕೋಠಿಯ ಪ್ರತ್ಯೇಕ ಕಡತಗಳೂ ಇವೆ. ಅಲ್ಲಿಯ ಹಳೆಯ ವಿದೇಶೀ ನಕ್ಷೆಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯೂಪೆ ತಯಾರಿಸಿದ ಪಟ್ಟಿಯ ಕ್ರಮಸಂಖ್ಯೆಯೇ ಇಂದಿಗೂ ಗುರುತು. ರೈಕ್ಸ್‌ಮ್ಯೂಸಿಯಂ ಎಂಬ ಆಮ್‌ಸ್ಟರ್‌ಡ್ಯಾಮಿನ ಸಂಗ್ರಹಾಲಯ ತನ್ನ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಳಿಸಿಕೊಳ್ಳಲು ಬಿಡುತ್ತದೆ. ಸೀಬೋಲ್ಡ್, ಬ್ಲೊಮ್‌ಹೊಫ್, ಫಿಷರ್ ತಂದ ಸಂಗ್ರಹಗಳಿಗೆ ಲೈಡನ್ ನಗರದ ಸಂಗ್ರಹಾಲಯವನ್ನೂ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೂ ನೋಡಬೇಕು. ಮರದಚ್ಚಿನ ಚಿತ್ರಗಳಿಗೆ ಕೋಬೆ ನಗರ ಸಂಗ್ರಹಾಲಯ, ಸುರುಳಿಗಳಿಗೆ ನಾಗಾಸಾಕಿಯ ಇತಿಹಾಸ ಮತ್ತು ಸಂಸ್ಕೃತಿ ಸಂಗ್ರಹಾಲಯ, ನಗರ ನಕ್ಷೆಗಳಿಗೆ ಬರ್ಕ್ಲಿಯ ಜಪಾನೀ ನಕ್ಷಾಸಂಗ್ರಹ, ಬೀಟೊ ಮತ್ತು ಉಎನೊ ಹಿಕೊಮಾ ಎಂಬ ಛಾಯಾಗ್ರಾಹಕರ ಕಾಲದ ಛಾಯಾಚಿತ್ರಗಳಿಗೆ ನಾಗಾಸಾಕಿ ವಿಶ್ವವಿದ್ಯಾಲಯದ ಗ್ರಂಥಾಲಯ. ಹುಡುಕುವಾಗ ದೆಜಿಮಾ ಎಂದಷ್ಟೇ ಕೊಟ್ಟರೆ ಅರ್ಧ ಸಿಗುವುದಿಲ್ಲ. ದೆಶಿಮಾ, ದೆಸಿಮಾ, ಡಿಸ್ಮಾ, ಊರಿಗೆ ನಾಂಗಾಸಾಕಿ ಎಂಬ ಹಳೆಯ ರೂಪಗಳನ್ನೂ ಕೊಟ್ಟು ನೋಡಬೇಕು.

ಇಳಿಸಿಕೊಂಡ ಪ್ರತಿ ಚಿತ್ರಕ್ಕೂ ಸಂಸ್ಥೆಯ ಹೆಸರು, ಅದರ ಕ್ರಮಸಂಖ್ಯೆ, ಬಳಕೆಯ ಷರತ್ತು ಇವನ್ನು ಆಗಲೇ ಬರೆದಿಡಬೇಕು. ಚಿತ್ರ ಹಳೆಯದಾದರೂ ಅದರ ಛಾಯಾಪ್ರತಿಯನ್ನು ಮರುಮುದ್ರಿಸಲು ಕೆಲವು ಸಂಸ್ಥೆಗಳು ಅನುಮತಿ ಕೇಳುತ್ತವೆ. ವರ್ಷ ಬರೆಯುವಲ್ಲಿ ಒಂದರ ಬದಲು ಎರಡು ಜಾಗ ಬಿಡುವುದು ಒಳ್ಳೆಯ ರೂಢಿ: ಹಾಳೆ ತಯಾರಾದ ವರ್ಷಕ್ಕೆ ಒಂದು, ಅದರಲ್ಲಿ ಕಾಣುವ ದ್ವೀಪದ ಕಾಲಕ್ಕೆ ಇನ್ನೊಂದು. ಎರಡನೆಯದಕ್ಕೆ ಖಚಿತ ವರ್ಷ ಸಿಗದಿದ್ದಾಗ 1702ರ ನಂತರ, 1798ರ ಮುಂಚೆ ಎಂದು ಎರಡು ಗಡಿಗಳನ್ನು ಬರೆದು, ಶಿಂಚಿ ಇದೆ, ಸ್ಮಾರಕಶಿಲೆ ಇಲ್ಲ, ಮುಖ್ಯಸ್ಥನ ಮನೆ ಬೆಂಕಿಗೆ ಮುಂಚಿನ ರೂಪದಲ್ಲಿದೆ ಎಂಬಂತೆ ಆ ಗಡಿಗಳಿಗೆ ಕಾರಣವಾದ ಗುರುತುಗಳನ್ನು ಅದರ ಪಕ್ಕದಲ್ಲೇ ನಮೂದಿಸಿದರೆ, ಮುಂದೆ ಇನ್ನೊಂದು ಪ್ರತಿ ಸಿಕ್ಕಾಗ ಮೊದಲಿನಿಂದ ಪರೀಕ್ಷೆ ಮಾಡಬೇಕಾಗುವುದಿಲ್ಲ.